ಯಾವ ಡಂಡಾ ಎಳೆದ್ರಿ?

ಬೀದರದ ಮೈಲೂರಿನ ನಮ್ಮ ಮನೆಗೆ ಬಾಗಿಲು ಒಂದೇ, ಒಲೆ ಎರಡು. ಸುತ್ತ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ. ಬಾವಿಯ ಈ ಕಡೆಯ ಎರಡು ಕೋಣೆಗಳಲ್ಲಿ ನಾವಿದ್ದೆವು, ಆ ಕಡೆಯ ಎರಡರಲ್ಲಿ ಇಮಾಮಸಾಬ್ ಉಸ್ತಾದರು ಮತ್ತು ಅವರ ಹೆಂಡತಿ ಹಲೀಮಾ ಖಾಲಾ. ಎರಡೂ ಮನೆಯವರು ಬಾಡಿಗೆಯವರೇ. ಅವರ ಒಲೆಯ ಮೇಲೆ ಮಾಂಸ ಬೇಯುವ ದಿನ ಖಾಲಾ ತಮ್ಮ ಕಿಟಕಿಗೆ ಗೋಣಿತಟ್ಟು ಇಳಿಬಿಡುತ್ತಿದ್ದರು. ಹಾಗೆ ಮಾಡಿರೆಂದು ಅವ್ವ ಎಂದೂ ಕೇಳಿರಲಿಲ್ಲ. ಗೋಣಿತಟ್ಟು ಕಂಡ ದಿನ ಅವ್ವ ಬಾವಿಯಿಂದ ನೀರನ್ನು ಬೇಗ ತುಂಬಿಕೊಂಡು ಒಳಗೆ ಬರುತ್ತಿದ್ದಳು. ಅದನ್ನು ಖಾಲಾ ಕೇಳಿರಲಿಲ್ಲ. ಎರಡೂ ಕಡೆ ಸೇರಿ ಮಗು ನಾನೊಬ್ಬಳೇ. ಖಾಲಾ ಹೊಲಿದ ಲಂಗ ತೊಟ್ಟು, ಅವ್ವ ಬಡಿದ ಜೋಳದ ಭಕ್ರಿ ತಿಂದು, ಬಾವಿಯ ಕಟ್ಟೆಯ ಮೇಲೆ ಕುಳಿತು ಎರಡು ಕಡೆಯ ಮಾತನ್ನೂ ಕೇಳುತ್ತ ಬೆಳೆದೆ. ಮುಂದೆ ಪತ್ರಿಕೆಯಲ್ಲಿ ದುಡಿದ ವರ್ಷಗಳಲ್ಲಿ, ಕಂಡದ್ದನ್ನು ಕೇಳಿದ್ದರಿಂದ ಬೇರೆಯಾಗಿ ಇಡುವುದು ರೂಢಿಯಾಯಿತು. ಇಲ್ಲಿಯೂ ಹಾಗೆಯೇ ಇಡುತ್ತೇನೆ. ಇಲ್ಲಿ ಬರೆದ ಹೆಚ್ಚಿನದನ್ನು ನಾನು ಕಂಡೆ. ಕಾಣದೆ ಹೋದದ್ದು ಅಪಘಾತವನ್ನು. ಅದನ್ನು ಅಪ್ಪನ ಬಾಯಿಂದ ಎರಡು ಸಲ ಕೇಳಿದೆ, ಎರಡು ಬಗೆಯಾಗಿ.

ಅಪ್ಪ ಮತ್ತು ಉಸ್ತಾದರು ಇಬ್ಬರೂ ಊರ ಹೊರಗಿನ ಸರ್ಕಾರಿ ಯಾರ್ಡಿನಲ್ಲಿ ಕೆಲಸಕ್ಕಿದ್ದರು. ಕರಿಕೆ ಬೇರು ಆಳಕ್ಕೆ ಇಳಿದು ಎತ್ತಿನ ನೇಗಿಲಿಗೆ ಬಗ್ಗದೆ ಹೋದ ಎರೆಹೊಲಗಳನ್ನು ಉಳಲು ನಿಜಾಮರ ಸರ್ಕಾರ ಟ್ರ್ಯಾಕ್ಟರುಗಳನ್ನು ತರಿಸಿತ್ತು. ಗಾಲಿಯ ಬದಲು ಎರಡೂ ಮಗ್ಗುಲಲ್ಲಿ ಕಬ್ಬಿಣದ ಪಟ್ಟಿಗಳ ಸರಪಳಿಗಳಿದ್ದವು. ಜನ ಅವಕ್ಕೆ ಚೈನಗಾಡಿ ಎನ್ನುತ್ತಿದ್ದರು. ಉಸ್ತಾದರು ಓಡಿಸುವವರು. ಅಪ್ಪ ಅವರ ಕೈಕೆಳಗೆ ಎಣ್ಣೆ ಹಾಕುವವನು, ಭಾತಂಬ್ರಾದ ಹೊಲ ಬಿಟ್ಟು ನೌಕರಿಗೆಂದು ಬಂದವನು. ಯಾರ್ಡಿನ ಹಿಂದೆ ತುಕ್ಕು ಹಿಡಿದ ಇನ್ನೊಂದು ಹಳೆಯ ಗಾಡಿ ಬಿದ್ದಿತ್ತು. ಯಾರೋ ಜಾಗೀರದಾರರು ತರಿಸಿದ್ದಂತೆ. ಅದಕ್ಕೂ ಸರಪಳಿಗಳಿದ್ದವು, ಆದರೆ ಬಹಳ ಮುಂದೆ, ಉದ್ದದ ಮೂತಿಯ ತುದಿಗೆ, ಒಂದೇ ಒಂದು ಗಾಲಿ ಇತ್ತು. ಮೇಲೆ ಕುಳಿತವನು ದೊಡ್ಡ ಚಕ್ರ ತಿರುವಿದರೆ ಆ ಮುಂದಿನ ಗಾಲಿ ತಿರುಗುತ್ತಿತ್ತು, ಗಾಡಿ ಅದರ ಹಿಂದೆ ಹೋಗುತ್ತಿತ್ತು. ಉಸ್ತಾದರು ಕಲಿತದ್ದು ಅದರ ಮೇಲೆ. ಹೊಸ ಗಾಡಿಗೆ ಮುಂದಿನ ಗಾಲಿಯೂ ಇಲ್ಲ, ತಿರುವುವ ಚಕ್ರವೂ ಇಲ್ಲ. ಕುಳಿತವನ ಮುಂದೆ ಎರಡು ಕಬ್ಬಿಣದ ಹಿಡಿಗಳು ನಿಂತಿರುತ್ತಿದ್ದವು, ಅವೇ ಡಂಡಾ. ಕಾಲ ಬಳಿ ಎರಡು ಬ್ರೇಕು.

ನಮ್ಮ ಮನೆಯಲ್ಲಿ ಹೆಂಗಸರಿಗೂ ಅದನ್ನು ಓಡಿಸುವ ಬಗೆ ಗೊತ್ತಿತ್ತು. ಉಸ್ತಾದರು ಸಂಜೆ ಅಂಗಳದಲ್ಲಿಯೇ ಪಾಠ ಮಾಡುತ್ತಿದ್ದರು. ಅಪ್ಪ ಮಣೆಯ ಮೇಲೆ ಕೂಡಬೇಕು. ಅವನ ಕೈಗೆ ಅವ್ವನ ಎರಡು ಕಟ್ಟಿಗೆ ಹುಟ್ಟುಗಳು. ಎಡದ ಡಂಡಾ ಎಳೆದರೆ ಎಡ ಸರಪಳಿಗೆ ಇಂಜಿನ್ನಿನ ಜೋರು ತಪ್ಪುತ್ತದೆ; ಬಲದ್ದು ನಡೆಯುತ್ತಲೇ ಇರುತ್ತದೆ; ಗಾಡಿ ಎಡಕ್ಕೆ ಹೊರಳುತ್ತದೆ. ಪೂರ್ತಿ ಹೊರಳಬೇಕಾದರೆ ಎಡಗಾಲಿನ ಬ್ರೇಕನ್ನೂ ಒತ್ತಬೇಕು. ಉಸ್ತಾದರು ಅಂಗಳದಲ್ಲಿ ಅಡ್ಡಾಡುತ್ತ ಕೂಗುತ್ತಿದ್ದರು.

"ಮುಂದ ಬಾವಿ ಅದ! ಬಾವ್ಯಾಗ ಬೀಳ್ತಿ ಏನೋ ಶಿವಲಿಂಗಪ್ಪ? ಎಳಿ, ಎಡದ್ದು ಎಳಿ!"

"ಎಳದೀನ್ರಿ ಉಸ್ತಾದ್."

"ಕಾಲು? ಕಾಲು ಏನ್ ನಿನ್ನ ಮಾವನ ಮನಿಗಿ ಹೋಗ್ಯಾವ?"

ಅವ್ವ ಒಳಗಿನಿಂದ ಕೂಗುತ್ತಿದ್ದಳು.

"ಗಾಡಿ ನಿಂದ್ರಸ್ರಿ ಇಬ್ಬರೂ. ನನ್ನ ಹುಟ್ಟು ಕೊಡ್ರಿ, ಅಂಬಲಿ ಗಂಟ ಆಗ್ಲತ್ತದ."

ಖಾಲಾ ಹೊಲಿಗೆ ಯಂತ್ರದ ಹಿಂದೆ ಕುಳಿತು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಹೆಂಗಸರ ಮುಂದೆ ಕಲಿಯುವುದು ಅವನಿಗೆ ಸೇರುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಊಟಕ್ಕೆ ಕುಳಿತರೆ ಭಕ್ರಿ ಬಿರುಸಾಗಿದೆ, ಶೇಂಗಾ ಚಟ್ನಿಯ ಹಿಂಡಿಗೆ ಉಪ್ಪು ಹೆಚ್ಚಾಗಿದೆ ಎಂದು ಅವ್ವನ ಮೇಲೆ ಹಾಯುತ್ತಿದ್ದ. ಉಸ್ತಾದರು ಅಂಗಳದಲ್ಲಿ ಎಷ್ಟು ಸಲ ಬೈದರೋ ಅಷ್ಟು ಬೈಗಳು ಅವ್ವನಿಗೆ ತಲುಪುತ್ತಿದ್ದವು. ಅವ್ವ ತಲೆ ಎತ್ತದೆ ಬಡಿಸುತ್ತಿದ್ದಳು. ಅವನ ಹೆದರಿಕೆಯಲ್ಲಿ ನಾವಿಬ್ಬರೂ ಬದುಕುತ್ತಿದ್ದೆವು. ಇದನ್ನು ಹಾಗೆಯೇ ಬರೆಯಬೇಕು.

ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಕಾಲ ಬಂತು. ಯಾರ್ಡಿನ ಮುಸಲ್ಮಾನ ನೌಕರರೆಲ್ಲ ಅವರ ಕವಾಯತಿಗೆ ನಿಲ್ಲಬೇಕೆಂದು ಆಗಿನ ಸಾಹೇಬನ ಅಪ್ಪಣೆಯಾಯಿತು. ಉಸ್ತಾದರು ಬಂದೂಕಿನ ಬದಲು ಕಟ್ಟಿಗೆಯ ಕೋಲು ಹೆಗಲಿಗಿಟ್ಟು ಕೆಲವು ಸಲ ಹೋಗಿ ಬಂದರು. ಬಂದವರು ಬಾವಿಕಟ್ಟೆಯ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

"ಎಡಕ್ಕ ತಿರುಗು ಅಂತಾರ. ನಾ ಎಡಗಾಲ ನಿಂದ್ರಿಸಿ ಬಲಗಾಲ ಓಡಸ್ತೀನಿ. ಎಲ್ಲಾರೂ ನಗ್ತಾರ. ನಾ ಚೈನಗಾಡಿನೇ ಆಗಿಬಿಟ್ಟೀನಿ ಬೇಟಿ."

ಆ ಮಾತಿಗೆ ಅಪ್ಪನೂ ನಕ್ಕದ್ದು ನನಗೆ ನೆನಪಿದೆ. ಉಸ್ತಾದರು ಯಾಕೆ ಹೋಗುತ್ತಿದ್ದರು, ಹೋಗಿ ಏನು ಮಾಡುತ್ತಿದ್ದರು ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಆ ನಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಂತರ ಪೊಲೀಸ್ ಆಕ್ಷನ್ ಆಯಿತು. ಭಾರತದ ಫೌಜು ಬಂತು, ರಜಾಕಾರರು ಓಡಿದರು. ಅವರು ಮಾಡಿದ್ದಕ್ಕೆ ಅವರಲ್ಲದ ಮುಸಲ್ಮಾನರು ಬೆಲೆ ತೆರುವ ದಿನಗಳು ಶುರುವಾದವು. ಭಾಲ್ಕಿ ಕಡೆಯಿಂದ, ಔರಾದ ಕಡೆಯಿಂದ ಬರುತ್ತಿದ್ದ ಸುದ್ದಿಯನ್ನು ಹಿರಿಯರು ನನ್ನ ಮುಂದೆ ಆಡುತ್ತಿರಲಿಲ್ಲ. ನಾನು ಒಳಗೆ ಹೋಗುವವರೆಗೆ ಕಾಯುತ್ತಿದ್ದರು. ಒಂದು ಮಧ್ಯಾಹ್ನ ಅವ್ವ ಬಾವಿಯ ಆ ಕಡೆ ಹೋಗಿ, ಖಾಲಾನ ಕೈ ಹಿಡಿದು, ಇಬ್ಬರನ್ನೂ ನಮ್ಮ ಒಳಕೋಣೆಗೆ ಕರೆತಂದಳು. ಅದು ನಮ್ಮ ಲಿಂಗಪೂಜೆಯ ಕೋಣೆ. ಅಪ್ಪ ಬಾಗಿಲಲ್ಲಿ ನಿಂತ.

"ಲಿಂಗದ ಕೋಣಿಯಾಗ?"

"ಲಿಂಗ ನನ್ನ ಕೊರಳಾಗ ಅದ್ರಿ. ಕೋಣಿ ಬರೀ ಕೋಣಿ."

ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಅಂದು. ಅಪ್ಪ ಬಾಗಿಲು ಬಿಟ್ಟ. ಬೀದಿಯವರು ಕೇಳಿದರೆ ಉಸ್ತಾದರು ಹೈದರಾಬಾದಿಗೆ ಹೋದರೆಂದು ಹೇಳಿದ. ಅದೂ ಸುಳ್ಳೇ, ಆದರೆ ಅವನು ಹೇಳಿದ ಒಳ್ಳೆಯ ಸುಳ್ಳು ಅದೊಂದೇ.

ಆ ಕೋಣೆಯಲ್ಲಿ ಅಡಗಿದ್ದ ದಿನಗಳಲ್ಲಿ ಉಸ್ತಾದರಿಗೆ ಮಾಡಲು ಏನೂ ಇರಲಿಲ್ಲ. ಯಾರ್ಡು ಮತ್ತೆ ತೆರೆದರೆ ತಮ್ಮನ್ನು ಗಾಡಿಯ ಮೇಲೆ ಕೂಡಿಸುವುದಿಲ್ಲ, ಶಿವಲಿಂಗಪ್ಪನನ್ನೇ ಕೂಡಿಸುತ್ತಾರೆ ಎಂದು ಅವರಿಗೆ ತಿಳಿದಿತ್ತು. ಅಪ್ಪ ಅದುವರೆಗೆ ಓಡಿಸಿದ್ದು ಸಪಾಟು ಹೊಲದಲ್ಲಿ ಮಾತ್ರ. ಬೀದರ ಇರುವುದು ದಿಬ್ಬದ ಮೇಲೆ. ಭಾಲ್ಕಿಗೆ ಹೋಗಲಿ, ಔರಾದಿಗೆ ಹೋಗಲಿ, ಮೊದಲು ಉತಾರ, ಅಂದರೆ ಇಳಿಜಾರು, ಇಳಿಯಬೇಕು. ಉಸ್ತಾದರು ಖಾಲಾನ ಖಾಲಿ ದಾರದ ರೀಲುಗಳೆರಡನ್ನು ಒಂದು ಕಡ್ಡಿಯ ಎರಡು ತುದಿಗೆ ಸಿಕ್ಕಿಸಿದರು. ಒಂದೊಂದು ರೀಲಿಗೂ ಒಂದೊಂದು ದಾರ ಸುತ್ತಿ, ಮಣೆಯನ್ನು ಓರೆಯಾಗಿಟ್ಟು, ರೀಲುಗಳನ್ನು ಅದರ ಮೇಲೆ ನಿಲ್ಲಿಸಿದರು. ದಾರದ ತುದಿಗಳು ಅವರ ಎರಡು ಕೈಯಲ್ಲಿ.

"ಉತಾರದಾಗ ಗಾಡಿಗೆ ಇಂಜಿನ್ ಎಳಿಯಾಂಗಿಲ್ಲ, ಹಿಡೀತದ. ಈ ದಾರ ಹಿಡದಾಂಗ. ಈಗ ಎಡದ ಡಂಡಾ ಎಳದಿ ಅಂದ್ರ ಎಡದ ದಾರ ಬಿಟ್ಟಾಂಗ. ನೋಡು."

ಎಡಗೈಯ ದಾರ ಬಿಟ್ಟರು. ಎಡದ ರೀಲು ಮುಂದೆ ಓಡಿತು. ಹಿಡಿದಿದ್ದ ಬಲದ ರೀಲು ಹಿಂದೆ ಉಳಿಯಿತು. ಆಟಿಕೆ ಬಲಕ್ಕೆ ಹೊರಳಿತು.

"ಯಾ ಅಲ್ಲಾ, ಉಲ್ಟಾ!" ಎಂದರು ಖಾಲಾ.

"ಉಲ್ಟಾನೇ. ಉತಾರದಾಗ ಎಡಕ್ಕ ಹೋಗಬೇಕಂದ್ರ ಬಲದ್ದು ಎಳೀಬೇಕು. ಕೈ ಕೇಳಾಂಗಿಲ್ಲ. ಕೈಗಿ ರೂಢಿ ಇರ್ತದ. ಕೈ ಮಾತ ಕೇಳಬ್ಯಾಡ."

ಅವ್ವ ಭಕ್ರಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ದಾರ ಹಿಡಿದು ನೋಡಿದಳು. ನಾನೂ ನೋಡಿದೆ. ಅಪ್ಪ ಹೊಸ್ತಿಲಲ್ಲಿ ನಿಂತು ಬೀದಿಯ ಕಡೆ ಮುಖ ಮಾಡಿದ್ದ. ಈಗ ಮನೆ ಅವನದಾಗಿತ್ತು, ಅಡಗಿದವರು ಅವರಾಗಿದ್ದರು. ಕಲಿಯುವ ಮಣೆಯ ಮೇಲೆ ಮತ್ತೆ ಕೂಡಲು ಅವನಿಗೆ ಮನಸ್ಸಿರಲಿಲ್ಲ.

"ಆಯ್ತು ಬಿಡ್ರಿ. ನಾ ಏನ್ ಸಣ್ಣ ಹುಡುಗೇನು, ರೀಲಿನ ಆಟ ಆಡ್ಲಿಕ್ಕಿ?"

ಊರು ತಣ್ಣಗಾಯಿತು. ಉಸ್ತಾದರು ಬಾವಿಯ ಆ ಕಡೆಯ ತಮ್ಮ ಕೋಣೆಗೆ ಮರಳಿದರು. ಯಾರ್ಡು ತೆರೆಯಿತು, ಹೊಸ ಸಾಹೇಬ ಬಂದ. ಉಸ್ತಾದರು ಅಂದುಕೊಂಡಂತೆಯೇ ಆಯಿತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕೆಂದು ಅವರಿಗೆ ಹೇಳಿ, ಅಪ್ಪನನ್ನು ಗಾಡಿಯ ಮೇಲೆ ಕೂಡಿಸಿದರು. ಅಂದಿನಿಂದ ಅಪ್ಪನ ಬಾಯಲ್ಲಿ ಉಸ್ತಾದ್ ಎಂಬ ಮಾತು ನಿಂತಿತು. ಇಮಾಮಸಾಬ್ ಎನ್ನತೊಡಗಿದ. ಅದನ್ನು ಗಮನಿಸಿದ ಖಾಲಾ ಅಂದು ಕಿಟಕಿಗೆ ಗೋಣಿತಟ್ಟು ಹಾಕಿಕೊಂಡರು. ಒಲೆಯ ಮೇಲೆ ಬರೀ ಬೇಳೆ ಇತ್ತು.

ದೀಪಾವಳಿ ಕಳೆದು, ಹಳ್ಳಿಗಳಿಂದ ಉದ್ದು ಹೆಸರಿನ ಚೀಲ ಹೊತ್ತ ಬಂಡಿಗಳು ಬೀದರದ ಬಜಾರಿಗೆ ಬರುತ್ತಿದ್ದ ಕಾಲ. ಗಾಡಿಯನ್ನು ಭಾಲ್ಕಿಗೆ ಒಯ್ಯಬೇಕೆಂದು ಅಪ್ಪ ಬೆಳಿಗ್ಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಮರಳಿ ಬಂದ. ಕಾಲು ತೊಳೆಯಲಿಲ್ಲ, ರುಮಾಲು ಬಿಚ್ಚಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದ. ಅವ್ವ ನೀರು ಕೊಟ್ಟಳು. ಅವನು ಹೇಳಿದ ಮಾತು ಇದು. ನಾನು ಒಲೆಯ ಪಕ್ಕದಲ್ಲಿದ್ದೆ.

"ಬಂಡಿ ಬಲಕ್ಕಿತ್ತು. ಏರಿ ಬರ್ಲತ್ತಿತ್ತು. ನಾ ಎಡಕ್ಕ ಸರೀಲಿ ಅಂತ ಎಡದ್ದು ಎಳದೆ. ಬಲಕ್ಕ ಹೋಯ್ತು. ಇನ್ನಾ ಜೋರ ಎಳದೆ. ಇನ್ನಾ ಬಲಕ್ಕ ಹೋಯ್ತು. ಮಾಣಿಕಪ್ಪ... ನಮ್ಮ ಭಾತಂಬ್ರಾದ ಮಾಣಿಕಪ್ಪ... ನನ್ನ ಹೆಸರ ಹಿಡದು ಒದರಿದ."

ಮಾಣಿಕಪ್ಪ ಅಪ್ಪನ ಊರಿನವನು, ನೆಂಟನಲ್ಲ, ಆದರೆ ಅಪ್ಪನ ಓಣಿಯವನು. ಅವನೂ ಅವನ ಎರಡು ಎತ್ತುಗಳೂ ಇಳಿಜಾರಿನಲ್ಲಿಯೇ ಸತ್ತಿದ್ದರು. ಅವ್ವ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಅಪ್ಪ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ.

"ಊರಿಗಿ ಹ್ಯಾಂಗ ಮಾರಿ ತೋರಸ್ಲಿ?"

ಇದು ಮೊದಲ ಹೇಳಿಕೆ. ಎರಡನೆಯದು ಮರುದಿನ ಬೆಳಿಗ್ಗೆ ಸಿದ್ಧವಾಗಿತ್ತು. ಯಾರ್ಡಿನ ಜವಾನ ಅಪ್ಪನನ್ನು ಕರೆಯಲು ಬಂದಿದ್ದ. ಅಪ್ಪ ಜಳಕ ಮಾಡಿ, ಹಣೆಗೆ ವಿಭೂತಿ ಬಳಿದು, ಪೂಜೆಗೆ ಕೂಡುವ ಮೊದಲು ಹೊರಗಿದ್ದ ಅವನಿಗೆ ಕೇಳುವಂತೆ ಹೇಳಿದ.

"ಬ್ರೇಕಿಗೆ ಏನೋ ಮಾಡಿ ಇಟ್ಟಾನ್ರಿ ಅಂವ. ಕವಾಯತಿಗಿ ಹೋಗ್ತಿದ್ದ, ನಿಮಗೇನ್ ಗೊತ್ತಿಲ್ಲೇನು?"

ಅಂವ ಎಂದರೆ ಯಾರೆಂದು ಬಾವಿಯ ಆ ಕಡೆಗೂ ತಿಳಿಯಿತು. ಖಾಲಾನ ಹೊಲಿಗೆ ಯಂತ್ರ ನಿಂತಿತು.

ಅಪ್ಪ ಒಳಕೋಣೆಗೆ ಹೋಗಿ ಮಣೆಯ ಮೇಲೆ ಕುಳಿತು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡ. ಅಂಗೈಯಲ್ಲಿ ಲಿಂಗ ಇರುವಾಗ ಸುಳ್ಳಾಡಬಾರದು. ಯಾರೂ ನಮಗೆ ಅದನ್ನು ಕಲಿಸಬೇಕಾಗಿರಲಿಲ್ಲ. ನಮ್ಮಂಥ ಮನೆಗಳಲ್ಲಿ ಮಕ್ಕಳು ಹಣ್ಣು ಕದ್ದಾಗಲೂ ಹಿರಿಯರು ಕೊರಳಿನ ಕರಡಿಗೆ ಮುಟ್ಟಿಸಿಯೇ ಕೇಳುತ್ತಿದ್ದರು. ಪೂಜೆಗೆ ಕುಳಿತವರನ್ನು ಮಾತಾಡಿಸಬಾರದೆಂಬುದೂ ಅಷ್ಟೇ ಗಟ್ಟಿ ರೂಢಿ. ಅವ್ವ ಅದನ್ನು ಮುರಿದಳು. ಬಂದು ಅಪ್ಪನೆದುರು ನೆಲದ ಮೇಲೆ ಕುಳಿತಳು.

"ಅಂಗೈಯಾಗ ಲಿಂಗ ಅದ. ಈಗ ಹೇಳ್ರಿ. ಯಾವ ಡಂಡಾ ಎಳೆದ್ರಿ?"

ಅಪ್ಪ ಕಣ್ಣು ತೆರೆದ.

"ಬ್ರೇಕಿನ ಮಾತ ಬಿಡ್ರಿ. ಯಾವ ಡಂಡಾ?"

"ಏಳು. ಆಚಿ ನಡಿ."

"ನಿನ್ನಿ ಹೇಳಿದ್ರಲ್ಲ, ಅದನ್ನೇ ಹೇಳ್ರಿ. ಒಂದ ಸಲ ಹೇಳ್ರಿ. ನಾ ಯಾರಿಗೂ ಹೇಳಾಂಗಿಲ್ಲ. ನನ್ನ ಮುಂದ ಹೇಳ್ರಿ ಸಾಕು."

ಅವನು ಹೊಡೆಯುತ್ತಾನೆಂದು ನಾನು ಬಾಗಿಲ ಹಿಂದೆ ಸರಿದೆ. ಹೊಡೆಯಲಿಲ್ಲ. ಕೈಯಲ್ಲಿ ಲಿಂಗವಿತ್ತು. ಬೆರಳು ಮಡಚಿ ಅದನ್ನು ಮುಚ್ಚಿಕೊಂಡ. ನೀರು ಹಾಕದೆ, ಪತ್ರಿ ಏರಿಸದೆ, ಕರಡಿಗೆಯೊಳಗೆ ಇಟ್ಟು, ಎದ್ದು ಹೊರಗೆ ಹೋದ. ಸಾಹೇಬನ ಮುಂದೆ ಏನು ಹೇಳಿದನೆಂಬುದನ್ನು ನಾನು ಕೇಳಿಲ್ಲ. ಸಂಜೆಯೊಳಗೆ ಪೊಲೀಸರು ಬಂದು ಉಸ್ತಾದರನ್ನು ಕರೆದೊಯ್ದದ್ದನ್ನು ಕಂಡೆ. ಅವರು ಚಪ್ಪಲಿ ಹಾಕಿಕೊಳ್ಳುತ್ತ ಅಪ್ಪನ ಕಡೆ ನೋಡಿ ಕೇಳಿದ್ದು ಒಂದೇ ಮಾತು.

"ಕೈ ಮಾತ ಕೇಳಿದಿ ಏನೋ?"

ಅಪ್ಪ ಜವಾನನ ಜೊತೆ ನಿಂತಿದ್ದ.

ಮರುದಿನ ಅವ್ವ ನನ್ನ ಕೈ ಹಿಡಿದು ಯಾರ್ಡಿಗೆ ಹೋದಳು. ಅವಳು ಗಂಡನ ಕಚೇರಿಗೆ ಹೋದದ್ದು ಬದುಕಿನಲ್ಲಿ ಅದೊಂದೇ ಸಲ. ರೀಲಿನ ಆಟಿಕೆ ಅವಳ ಸೆರಗಿನಲ್ಲಿತ್ತು. ಸಾಹೇಬನಿಗೆ ತೋರಿಸಿ ಹೇಳುತ್ತೇನೆಂದು ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು. ಜವಾನ ಗೇಟಿನಲ್ಲೇ ತಡೆದ. ಸೆರಗಿನಿಂದ ಅವಳು ತೆಗೆದ ಆಟಿಕೆ ಕಂಡು ನಕ್ಕ.

"ಇದನ್ನ ತೋರಸ್ತಿ ಏನವ್ವ ಸಾಹೇಬರಿಗಿ? ಗಂಡನ ನೌಕರಿ ತಗಸ್ಲಿಕ್ಕಿ ಬಂದಿ ಏನು? ಮನಿಗಿ ಹೋಗು. ಹೆಣ್ಮಕ್ಕಳ ಕೆಲಸ ಅಲ್ಲ ಇದು."

ಅವ್ವ ಗೇಟಿನ ನೆರಳಿನಲ್ಲಿ ಬಿಸಿಲು ಇಳಿಯುವವರೆಗೆ ನಿಂತಳು. ಸಾಹೇಬನ ಜೀಪು ಹೊರಟಾಗ ಕೈ ಎತ್ತಿದಳು. ಜೀಪು ನಿಲ್ಲಲಿಲ್ಲ. ನಾವು ಮನೆಗೆ ಬಂದೆವು. ಅಪ್ಪನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅಂದು ಅವನ ಕೈಯಲ್ಲಿ ಲಿಂಗವಿರಲಿಲ್ಲ.

ಖಾಲಾ ತವರೂರಾದ ಔರಾದಿಗೆ ಹೊರಟರು. ಹೊಲಿಗೆ ಯಂತ್ರವನ್ನು ಬಂಡಿಗೆ ಏರಿಸುವಾಗ ಅವ್ವ ಹಿಡಿದಳು, ಬೀದಿಯವರು ಯಾರೂ ಬರಲಿಲ್ಲ. ದಾರಿಗೆಂದು ಅವ್ವ ಭಕ್ರಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅವ್ವನ ಕೆನ್ನೆ ಬಾತಿತ್ತು. ಖಾಲಾ ಅದನ್ನು ಮುಟ್ಟಿ ನೋಡಿದರು.

"ನಿನಗ್ಯಾಕ ಬೇಕಿತ್ತು ಬೆಹನ್?"

"ನಮ್ಮ ಕೋಣಿಯಾಗ ಇದ್ದವರು ನೀವು, ಆಪಾ."

ಅಪ್ಪ ನೌಕರಿಯ ಕೊನೆಯವರೆಗೂ ಗಾಡಿ ಓಡಿಸಿದ. ಒಳ್ಳೆಯ ಡ್ರೈವರ್ ಎಂಬ ಹೆಸರು ಬಂತು. ಇಳಿಜಾರಿನಲ್ಲಿ ಮತ್ತೆಂದೂ ತಪ್ಪು ಮಾಡಲಿಲ್ಲ, ಅಂದರೆ ಕಲಿತಿದ್ದ. ಬಾವಿಯ ಆ ಕಡೆಗೆ ಬೇರೆ ಬಾಡಿಗೆಯವರು ಬಂದರು. ಭಾತಂಬ್ರಾದಲ್ಲಿ, ಮಾಣಿಕಪ್ಪನನ್ನು ಕೊಂದದ್ದು ಇಮಾಮಸಾಬ್ ಎಂಬ ಮಾತು ನಿಂತಿತು. ಮಾಣಿಕಪ್ಪನ ಮಗ ಸಂಗಪ್ಪ ಅದನ್ನು ಕೇಳುತ್ತ ಬೆಳೆದ. ಅಪ್ಪ ಊರಿಗೆ ಹೋದಾಗ ಅವನನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದ. ಊರಿಗೆ ತೋರಿಸುವ ಮುಖ ಅವನಿಗೆ ಉಳಿದಿತ್ತು. ನಮ್ಮ ಮನೆಯಲ್ಲಿ ಆದ ಬದಲಾವಣೆ ಒಂದೇ. ಅಂದಿನಿಂದ ಅಪ್ಪ ಪೂಜೆಗೆ ಕುಳಿತರೆ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದ. ಚಳಿಗಾಲವಿರಲಿ, ಸೆಕೆಯಿರಲಿ, ಮನೆಯಲ್ಲಿ ಕಾಯಿಲೆಯಿರಲಿ, ಅಗಳಿ ತಪ್ಪಲಿಲ್ಲ. ಅಪ್ಪನ ಅಂಗೈಯ ಮೇಲೆ ಲಿಂಗವಿದ್ದುದನ್ನು ಅವ್ವ ಆಮೇಲೆ ಕಾಣಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಹೊತ್ತಿಗೆ ಸರಿಯಾಗಿ ಭಕ್ರಿ ಬಡಿದಳು, ಬಡಿಸಿದಳು. ಆ ಅಗಳಿಯ ಸದ್ದು ನನ್ನ ಬಾಲ್ಯದ ಬೆಳಗಿನ ಸದ್ದು. ಜನ ಹೇಳುವ ಮೊದಲ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮರುದಿನದ ಮಾತನ್ನು ನಂಬಬಾರದು ಎಂಬುದನ್ನು ನನಗೆ ಯಾವ ಸಂಪಾದಕರೂ ಕಲಿಸಲಿಲ್ಲ.

ವರದಿಗಾರಳಾಗಿ ಔರಾದಿಗೆ ಹೋದಾಗ ಒಮ್ಮೆ ಖಾಲಾನ ಮನೆ ಹುಡುಕಿಕೊಂಡು ಹೋದೆ. ಹೊಲಿಗೆ ಯಂತ್ರ ಇತ್ತು, ಉಸ್ತಾದರು ಇರಲಿಲ್ಲ. ಎರಡು ಸುಗ್ಗಿ ಕಳೆದ ಮೇಲೆ ಅವರನ್ನು ಜೈಲಿನಿಂದ ಬಿಟ್ಟರಂತೆ. ಯಾವ ಯಾರ್ಡಿನವರೂ ಕೆಲಸ ಕೊಡಲಿಲ್ಲವಂತೆ. ಹುಲ್ಲಿನ ಹೊರೆ ಹೊತ್ತು ಬದುಕಿ, ಕೆಮ್ಮಿ ಸತ್ತರಂತೆ. ಇದು ಖಾಲಾ ಹೇಳಿದ್ದು. ಚಹಾ ಕೊಟ್ಟ ಮೇಲೆ ಅವರು ಅಪ್ಪನ ವಿಷಯ ಕೇಳಿದ್ದು ಒಂದೇ.

"ಅಂವ ಇನ್ನಾ ಪೂಜಾ ಮಾಡ್ತಾನೇನಮ್ಮ?"

"ಮಾಡ್ತಾನ್ರಿ ಖಾಲಾ. ಬಾಗಲಾ ಹಾಕ್ಕೊಂಡು."

"ಹಾಂ," ಎಂದರು. ಸೂಜಿಗೆ ದಾರ ಪೋಣಿಸುವುದರಲ್ಲಿ ತೊಡಗಿದರು.

ಅಪ್ಪ ತೀರಿಕೊಂಡಾಗ ಅವನ ಇಚ್ಛೆಯಂತೆ ಭಾತಂಬ್ರಾದ ಹೊಲಕ್ಕೆ ಒಯ್ದೆವು. ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಗುಂಡಿಯಲ್ಲಿ ಅಪ್ಪನನ್ನು ಪೂಜೆಗೆ ಕುಳಿತವನ ಹಾಗೆ ಕೂಡಿಸಿದರು. ಅಯ್ಯನವರು ಕೆಳಗಿಳಿದು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟು ಮೇಲೆ ಬಂದರು. ಊರಿನವರು ಸುತ್ತ ನಿಂತಿದ್ದರು. ಸಂಗಪ್ಪ ಮೊದಲ ಮಣ್ಣಿನ ಬುಟ್ಟಿ ಹಿಡಿದಿದ್ದ; ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಅವನೇ ಮಗನ ಹಾಗೆ ಎಂದು ಊರು ತೀರ್ಮಾನಿಸಿತ್ತು. ಅವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಗುಂಡಿಯ ಅಂಚಿನಲ್ಲಿ ಕುಳಿತು, ತೆರೆದ ಅಂಗೈಯನ್ನು ನೋಡಿದಳು.

"ಈಗ ಹೇಳ್ರಿ. ಯಾವ ಡಂಡಾ ಎಳೆದ್ರಿ?"

ಯಾರೋ ಹೆಂಗಸು ಅವಳ ಭುಜ ಹಿಡಿದಳು. ದುಃಖಕ್ಕೆ ತಲೆ ಕೆಟ್ಟಿತೆಂದು ಹಿಂದೆ ಪಿಸುಗುಟ್ಟಿದರು. ಅವ್ವ ಆ ಕೈಯನ್ನು ಸರಿಸಿ, ಒಬ್ಬ ಮನುಷ್ಯ ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಕಾದಳು.

"ಏನ್ ಕೇಳ್ಲತ್ತೀರಿ ಕಾಕಿ?" ಎಂದ ಸಂಗಪ್ಪ.

ಅವ್ವ ಅವನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. ಅಡುಗೆಯ ಮಾತು ಹೇಳಿದ ಹಾಗೆ ಹೇಳಿದಳು.

"ನಿಮ್ಮಪ್ಪಗ ಕೊಂದವ ಇಮಾಮಸಾಬ್ ಅಲ್ಲಪ್ಪ. ಬ್ರೇಕ್ ಯಾರೂ ಕೆಡಿಸಿರಲಿಲ್ಲ. ಇವರು ಉತಾರದಾಗ ಎಡದ್ದು ಎಳೆದ್ರು. ಬಲದ್ದು ಎಳೀಬೇಕಿತ್ತು. ಅದೇ ದಿನಾ ಮನಿಗಿ ಬಂದು ನನ್ನ ಮುಂದ ಹೇಳಿದ್ರು. ಆಮ್ಯಾಲ ಹೇಳಲಿಲ್ಲ."

ಅಯ್ಯನವರು ಮಂತ್ರ ನಿಲ್ಲಿಸಿದ್ದರು. ಸಂಗಪ್ಪ ಗುಂಡಿಯೊಳಗೆ ನೋಡಿದ, ಅವ್ವನನ್ನು ನೋಡಿದ. ಬುಟ್ಟಿಯನ್ನು ಅಂಚಿನಲ್ಲಿಟ್ಟು, ಕೈ ಝಾಡಿಸಿಕೊಂಡು, ಹೊಲದ ಬದುವಿನ ಮೇಲೆ ಊರ ಕಡೆ ನಡೆದುಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಉಳಿದವರಲ್ಲಿ ಯಾರೂ ಬುಟ್ಟಿಯನ್ನು ಮುಟ್ಟಲಿಲ್ಲ.

ಅವ್ವ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಎತ್ತಿದಳು. ಮೊದಲ ಮಣ್ಣನ್ನು ಅವನ ಅಂಗೈಯ ಮೇಲೆ ಹಾಕಿದಳು.